ಕೂಡ್ಲಿಗಿಯ ಗೋಡೆ ಮೇಲಿನ ಗೆರೆಗಳು

2021ರ ದೀಪಾವಳಿ ಕಳೆದು ಮೂರನೇ ವಾರ ಕೂಡ್ಲಿಗಿಯಲ್ಲಿ ಒಬ್ಬ ಹುಡುಗನ ಕೆಲಸ ಹೋಯಿತು. ಕಾಟಾದ ಮುಂದೆ ಕೂತು, ಮೆಕ್ಕೆಜೋಳದ ಚೀಲ ಏರಿದಾಗಲೆಲ್ಲ ಒಂದು ಗುಂಡಿ ಒತ್ತುವ ಕೆಲಸ. ಅವನನ್ನು ಬಿಡಿಸಿದವರು ಅಂಗಡಿಯ ಸಾವ್ಕಾರರು. ಬಿಡಿಸುವ ಹಾಗೆ ಮಾಡಿದ್ದು ನನ್ನ ಮಾತು. ನನ್ನ ಮಾತಿಗೆ ಆಧಾರ ನಾನೇ ಬರೆದ ಪೈಥಾನ್ ಪ್ರೋಗ್ರಾಮು. ಅದು ಸುಳ್ಳು ಹೇಳುತ್ತಿತ್ತು.

ಆ ವರ್ಷ ನಮ್ಮ ಕಡೆ ಎಲ್ಲವೂ ಹೊಸದು. ಅಕ್ಟೋಬರ್ 2ಕ್ಕೆ ವಿಜಯನಗರ ಜಿಲ್ಲೆಯ ಉದ್ಘಾಟನೆಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಐದೂ ಬಳ್ಳಾರಿಗೆ ಬೆನ್ನು ಮಾಡಿ ಹೊಸಪೇಟೆಗೆ ಮುಖ ಮಾಡಿದ್ದವು. ಹರಪನಹಳ್ಳಿಯವರಿಗೆ ಇದು ರೂಢಿಯೇ ಅನ್ನಿ: 1997ರಲ್ಲಿ ದಾವಣಗೆರೆಗೆ ಹೋಗಿ, ತಿರುಗಿ ಬಳ್ಳಾರಿಗೆ ಬಂದು, ಈಗ ಮೂರನೇ ಜಿಲ್ಲೆ. ನಾನೂ ಕೊರೊನಾ ದೆಸೆಯಿಂದ ಬೆಂಗಳೂರಿನ ಕೆಲಸ ಬಿಟ್ಟು ಕೊಟ್ಟೂರಿಗೆ ಮರಳಿದ್ದೆ. ಕೈಯಲ್ಲಿ ಒಂದು ಲ್ಯಾಪ್‌ಟಾಪು, ತಲೆಯಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಧೈರ್ಯ.

ಈ ಸಾವ್ಕಾರರು ಐದೂ ಊರಲ್ಲಿ ಖರೀದಿ ಮಾಡುತ್ತಿದ್ದರು. ಲೆಕ್ಕದ ಮನೆ ಕೊಟ್ಟೂರಿನಲ್ಲಿ. ಸಂಜೆ ಆದರೆ ನಾಲ್ಕು ಊರಿಂದ ಫೋನು ಬರುವುದು, ಗುಮಾಸ್ತ ಅಜ್ಜಾರು ಕಿವಿಗೆ ಫೋನು ಸಿಕ್ಕಿಸಿಕೊಂಡು ಖಾತೆಗೆ ಬರೆದುಕೊಳ್ಳುವುದು, ಹೀಗೆ ನಡೆದಿತ್ತು. ಅದನ್ನು ನೋಡಿ ನನಗೆ ನಗು ಬಂತು. ಕಾಟಾವನ್ನು ಕಂಪ್ಯೂಟರಿಗೆ ಜೋಡಿಸಿದರೆ ಹರಪನಹಳ್ಳಿಯಲ್ಲಿ ತೂಗಿದ ಚೀಲ ಅದೇ ಗಳಿಗೆಯಲ್ಲಿ ಕೊಟ್ಟೂರಿನ ಪರದೆ ಮೇಲೆ ಬರುತ್ತದೆ ಅಂದೆ. ಮೂರು ವಾರ ಕೊಡ್ರಿ ಅಂತ ಕೇಳಿ ಮೂರೇ ದಿನದಲ್ಲಿ ಮುಗಿಸಿದೆ. ಅನಾಹುತ ಶುರುವಾದದ್ದು ಆ ಮೂರು ದಿನದಲ್ಲೇ.

ಪೈಥಾನಿನಲ್ಲಿ ಪಿಕಲ್ ಅಂತ ಒಂದು ಸೌಕರ್ಯ ಇದೆ. ಹೆಸರಿಗೆ ಉಪ್ಪಿನಕಾಯಿಯೇ. ಪ್ರೋಗ್ರಾಮಿನೊಳಗೆ ನಾವು ಕಟ್ಟಿಕೊಂಡ ವಸ್ತುವನ್ನು, ನನ್ನ ಮಟ್ಟಿಗೆ ಅದು ರೈತನ ಹೆಸರು, ಮಾಲು, ತೂಕ, ವೇಳೆ ಎಲ್ಲ ಸೇರಿದ ‘ತೂಕ’ ಎಂಬ ಗಂಟು, ಅದನ್ನು ಬೈಟುಗಳ ಸಾಲಾಗಿ ಮಾಡಿ ಭರಣಿಗೆ ತುಂಬುತ್ತದೆ. ತುಂಬಲು ‘ಡಂಪ್ಸ್’, ಬಿಚ್ಚಲು ‘ಲೋಡ್ಸ್’. ಈ ಕಡೆ ತುಂಬಿ, ಎರಡು ಕಂಪ್ಯೂಟರುಗಳನ್ನು ಜೋಡಿಸುವ ಸಾಕೆಟ್ಟಿಗೆ ಹಾಕಿದರೆ, ಆ ಕಡೆ ಬಿಚ್ಚಿದಾಗ ಅದೇ ಗಂಟು ಕೈಗೆ ಬರುತ್ತದೆ. ಎರಡು ಸಾಲಿನ ಕೆಲಸ. ವಸ್ತುವೇ ತಂತಿಯಲ್ಲಿ ಹರಿದು ಹೋಯಿತು ಅನ್ನಿಸುವಷ್ಟು ಸಲೀಸು. ಆ ಅನ್ನಿಸಿಕೆಯೇ ಮೋಸ. ಹೋಗುವುದು ವಸ್ತುವಲ್ಲ, ಅದನ್ನು ಮತ್ತೆ ಕಟ್ಟುವ ವಿಧಾನ. ಮಾವಿನಕಾಯಿ ಕಳಿಸಿದೆ ಅಂದುಕೊಂಡು ಉಪ್ಪಿನಕಾಯಿ ಹಾಕುವ ಚೀಟಿ ಕಳಿಸಿದ ಹಾಗೆ. ಈ ವ್ಯತ್ಯಾಸ ಮುಂದೆ ಇನ್ನೊಂದು ಸಲ ನನ್ನ ಮಾನ ತೆಗೆಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ಮನೆಯಲ್ಲಿ, ಒಂದೇ ಲ್ಯಾಪ್‌ಟಾಪಿನ ಎರಡು ಕಿಟಕಿಗಳ ನಡುವೆ, ಎಲ್ಲ ಸರಿಯಾಗಿ ನಡೆಯಿತು. ಒಂದು ಗುಂಡಿ, ಒಂದು ಸಾಲು. ಮೊದಲ ತೊಂದರೆ ಬಂದದ್ದು ದಿನದ ಕೊನೆಗೆ ಹೋಗುವ ಒಟ್ಟು ಪಟ್ಟಿಯಲ್ಲಿ. ಬರುವುದನ್ನು ಓದಿಕೊಳ್ಳುವ ಸಾಲಿನಲ್ಲಿ ನಾನು 1024 ಅಂತ ಹಾಕಿದ್ದೆ, ಎಲ್ಲ ಪಾಠಗಳಲ್ಲೂ ಇರುವ ಹಾಗೆ. ಪಟ್ಟಿ ಅದಕ್ಕಿಂತ ದೊಡ್ಡದು. ಅರ್ಧ ಪಿಕಲ್ ಕೈಗೆ ಬಂದು, ಮಾಹಿತಿ ತುಂಡಾಗಿದೆ ಅಂತ ಪೈಥಾನ್ ಕೂಗಿಕೊಂಡಿತು. ನಾನು 1024 ಅಳಿಸಿ 65536 ಬರೆದೆ. ಕೂಗು ನಿಂತಿತು. ಅಲ್ಲಲ್ಲಿ ಇನ್ನೂ ಬರಬಹುದಾದ ದೋಷಗಳಿಗೆ ‘ಎಕ್ಸೆಪ್ಟ್, ಪಾಸ್’ ಅಂತ ಹಾಕಿದೆ. ಅಂದರೆ, ಏನಾದರೂ ತಪ್ಪಾದರೆ ನನಗೆ ಹೇಳಬೇಡ, ಸುಮ್ಮನೆ ಮುಂದಕ್ಕೆ ಹೋಗು. ಇವತ್ತು ಆ ಎರಡು ತಿದ್ದುಪಡಿ ನೆನೆದರೆ ಮೈ ಬೆವರುತ್ತದೆ. ರೋಗ ಹೋಗಲಿಲ್ಲ, ನರಳುವ ಬಾಯಿಗೆ ಬಟ್ಟೆ ತುರುಕಿದ್ದೆ.

ನವೆಂಬರ್ ಬಂತು. ಆ ನವೆಂಬರಿನ ಅಕಾಲಿಕ ಮಳೆ ರಾಜ್ಯದ ಯಾವ ರೈತನಿಗೂ ಮರೆಯುವಂಥದ್ದಲ್ಲ. ಕಣದಲ್ಲಿ ಒಣಗಲು ಹರವಿದ ಮೆಕ್ಕೆಜೋಳ ಮೊಳಕೆ ಒಡೆಯುವ ಭಯಕ್ಕೆ ಜನ ಸಿಕ್ಕ ಟ್ರ್ಯಾಕ್ಟರಿಗೆ ಹೇರಿಕೊಂಡು ಅಂಗಡಿಗೆ ಬಂದರು. ಹಮಾಲರು ಒಂದು ಚೀಲ ಇಳಿಯುವ ಮೊದಲೇ ಇನ್ನೊಂದು ಏರಿಸುತ್ತಿದ್ದರು. ಕರೆಂಟು ಹೋಗುವುದು ಬರುವುದು, ಮೊಬೈಲ್ ಟವರೂ ಅದರ ಹಿಂದೆಯೇ. ಕೂಡ್ಲಿಗಿಯ ಅಂಗಡಿ ಇದ್ದ ಜಾಗದಲ್ಲಿ ಸಿಗ್ನಲ್ ಮೊದಲೇ ಕಮ್ಮಿ.

ಮೊದಲು ಬಂದದ್ದು ಒಬ್ಬ ರೈತ. ‘ನಂದು ಮೂವತ್ತೆರಡು ಚೀಲ ಸರ, ನಿಮ್ ಪಟ್ಟಿಯಾಗ ಇಪ್ಪತ್ತೊಂಬತ್ತು ಐತಿ’ ಅಂದ. ಮರುದಿನ ಇಬ್ಬರು. ವಾರದಲ್ಲಿ ಸಾವ್ಕಾರರು ನನ್ನನ್ನು ಕರೆಸಿದರು. ನಾನು ಕೊಟ್ಟೂರಿನ ಪರದೆ ತೆರೆದು ಊರುವಾರು ನೋಡಿದೆ. ಹಡಗಲಿಯಿಂದ ತಕರಾರಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಎಲ್ಲೋ ಒಂದೆರಡು. ಹರಪನಹಳ್ಳಿಯಿಂದ ಇನ್ನೊಂದಿಷ್ಟು. ಕೂಡ್ಲಿಗಿಯಿಂದ ದಿನಾ. ಎಲ್ಲ ಊರಿಗೂ ಪ್ರೋಗ್ರಾಮು ಒಂದೇ, ತಪ್ಪು ಒಂದೇ ಊರಲ್ಲಿ ಹೆಚ್ಚು. ಹಾಗಾದರೆ ತಪ್ಪು ಮನುಷ್ಯನದು. ತರ್ಕ ಎಷ್ಟು ಚೆಂದ ಇತ್ತು ಅಂದರೆ ನನಗೆ ಅನುಮಾನವೇ ಬರಲಿಲ್ಲ.

ಹುಡುಗನನ್ನು ಕೇಳಿದೆ. ಅವನು ಹೇಳಿದ್ದು ಇಷ್ಟೇ: ‘ನಾ ಒತ್ತೀನಿ ಅಣ್ಣಾ. ಎಷ್ಟು ಚೀಲ ಏರ್ಯಾವೋ ಅಷ್ಟೂ ಒತ್ತೀನಿ.’ ಅವನ ಪಕ್ಕದಲ್ಲಿ ಮೊಬೈಲ್ ಬಿದ್ದಿತ್ತು. ಮೊಬೈಲ್ ನೋಡುತ್ತಾ ಗುಂಡಿ ಒತ್ತುವುದು ಮರೆಯುತ್ತಾನೆ ಅಂತ ನಾನು ಸಾವ್ಕಾರರಿಗೆ ಹೇಳಿದೆ. ಕಂಡು ಹೇಳಿದ್ದಲ್ಲ, ಊಹಿಸಿ ಹೇಳಿದ್ದು. ‘ಕಂಪ್ಯೂಟರ್ ತಪ್ಪು ಮಾಡಲ್ಲ ಯಜಮಾನ್ರೇ’ ಅಂತಲೂ ಸೇರಿಸಿದೆ. ಕಂಪ್ಯೂಟರ್ ತಪ್ಪು ಮಾಡಲಿಲ್ಲ, ಅದೂ ನಿಜ. ನಾನು ಹೇಳಿದ್ದನ್ನು ಅಕ್ಷರ ಬಿಡದೆ ಮಾಡಿತ್ತು.

ಅವನ ಜಾಗಕ್ಕೆ ಸಾವ್ಕಾರರ ಸಂಬಂಧಿ ಹುಡುಗನೊಬ್ಬ ಬಂದ. ಬಿ.ಕಾಂ. ಓದಿದವನು, ಮೊಬೈಲನ್ನು ಜೇಬಿನಿಂದ ತೆಗೆಯದವನು. ಚೀಲ ಕಳೆಯುವುದು ನಿಲ್ಲಲಿಲ್ಲ.

ನಿಜ ಹೊರಗೆ ಬಂದದ್ದು ನನ್ನಿಂದಲ್ಲ, ಅಜ್ಜಾರಿಂದ. ವಾರದ ಹಮಾಲಿ ಕೂಲಿ ಬರೆಯುವಾಗ ಅವರಿಗೆ ಲೆಕ್ಕ ಕೂಡಲಿಲ್ಲ. ಹಮಾಲರ ಕೂಲಿ ಚೀಲದ ಮೇಲೆ. ಆದ್ದರಿಂದ ಅವರು ಯಾರ ಪ್ರೋಗ್ರಾಮನ್ನೂ ನಂಬುವುದಿಲ್ಲ, ಕೂಡ್ಲಿಗಿಯ ಅಂಗಡಿ ಗೋಡೆ ಮೇಲೆ ಇದ್ದಲಿನಿಂದ ಗೆರೆ ಎಳೆಯುತ್ತಾರೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಗೋಡೆಯ ಪ್ರಕಾರ ಒಂದು ದಿನ 214. ನನ್ನ ಖಾತೆಯ ಪ್ರಕಾರ 197. ಅಜ್ಜಾರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ‘ತಮ್ಮಾ, ಹಮಾಲ್ರ ಗೆರಿ ತಪ್ಪಲ್ಲ. ಅವ್ರ ಹೊಟ್ಟಿ ಅದ್ರಾಗ ಐತಿ’ ಅಂದರು.

ಬಸ್ಸು ಹತ್ತಿ ಕೂಡ್ಲಿಗಿಗೆ ಹೋಗಿ ನಾನೇ ಕಾಟಾದ ಮುಂದೆ ಕೂತೆ. ಖಾಲಿ ಕಾಟಾದ ಮೇಲೆ ಒಂದೇ ತೂಕದ ಕಲ್ಲಿಟ್ಟು, ಬೇಗ ಬೇಗ, ಐವತ್ತು ಸಲ ಒತ್ತಿದೆ. ಕೊಟ್ಟೂರಿಗೆ ಫೋನು ಮಾಡಿದರೆ ಪರದೆ ಮೇಲೆ 46. ಈ ಸಲ ಮೊಬೈಲ್ ನೋಡುತ್ತಾ ಒತ್ತುವುದು ಮರೆತವರು ಯಾರೂ ಇರಲಿಲ್ಲ.

ಆ ರಾತ್ರಿ, ಬಂದ ಬೈಟುಗಳನ್ನು ಬಿಚ್ಚುವ ಮೊದಲು ಅಳೆದು ಬರೆಯುವಂತೆ ಕೊಟ್ಟೂರಿನ ಸರ್ವರ್‌ಗೆ ಹೇಳಿದೆ. 243, 243, 243, ಆಮೇಲೆ 486. ಮತ್ತೆ 243. ಮತ್ತೆ 486. ನೋಡಿದ ಕೂಡಲೇ ತಿಳಿಯಿತು. ಎರಡು ತೂಕ ಒಂದಕ್ಕೊಂದು ಅಂಟಿಕೊಂಡು ಒಟ್ಟಿಗೆ ಬಂದಿದ್ದವು.

ಸಾಕೆಟ್ಟಿನ ಬೈಟುಗಳನ್ನು ಊರಿಂದೂರಿಗೆ ಸಾಗಿಸುವ ಟಿಸಿಪಿ ಅನ್ನುವುದು ಅಂಚೆಯಲ್ಲ, ಹೊಳೆ. ಹಡಗಲಿಯ ಕಡೆ ತುಂಗಭದ್ರೆಗೆ ನೀವು ಎರಡು ಕೊಡ ನೀರು ಸುರಿದರೆ, ಕೆಳಗೆ ನಿಂತವನು ಇದು ಮೊದಲ ಕೊಡದ್ದು, ಇದು ಎರಡನೆಯದ್ದು ಅಂತ ಬೇರೆ ಮಾಡಿ ತುಂಬಿಕೊಳ್ಳಲಾರ. ಒಂದು ಹನಿಯೂ ಕಳೆಯದೆ, ಸುರಿದ ಕ್ರಮದಲ್ಲೇ ನೀರು ಬರುತ್ತದೆ. ಅಷ್ಟೇ ಅದರ ಮಾತು. 1981ರ ಸೆಪ್ಟೆಂಬರಿನಲ್ಲಿ ಬಂದ ಅದರ ನಿಯಮಪತ್ರದಿಂದಲೂ ಅದು ಬೈಟುಗಳ ಹರಿವೇ. ಸಣ್ಣ ಸಣ್ಣ ತುಣುಕುಗಳು ದಾರಿ ತುಂಬಿಸಬಾರದೆಂದು ಅವನ್ನು ಒಟ್ಟುಗೂಡಿಸಿ ಕಳಿಸುವ ಉಪಾಯವನ್ನು ಜಾನ್ ನೇಗಲ್ 1984ರಲ್ಲಿ ಹೇಳಿದ್ದು, ಅದು ಸಾಮಾನ್ಯವಾಗಿ ಎಲ್ಲ ಕಂಪ್ಯೂಟರಿನಲ್ಲೂ ಚಾಲೂ ಇರುತ್ತದೆ. ಸಿಗ್ನಲ್ ನಿಂತು ಮತ್ತೆ ಬಂದಾಗ, ಅಷ್ಟು ಹೊತ್ತು ಕಾದಿದ್ದೆಲ್ಲ ಒಂದೇ ಸಲಕ್ಕೆ ನುಗ್ಗುತ್ತದೆ. ಸಿಗ್ನಲ್ ಎಲ್ಲಿ ಕೆಟ್ಟದೋ, ಒತ್ತುವ ಕೈ ಎಲ್ಲಿ ಚುರುಕೋ, ಅಲ್ಲಿ ಅಂಟು ಹೆಚ್ಚು. ಕೂಡ್ಲಿಗಿಯ ಹುಡುಗನ ಅಪರಾಧ ಎರಡು: ಅವನ ಟವರು ದೂರ ಇತ್ತು, ಅವನ ಕೈ ಬೇಗ ಇತ್ತು.

ಅಂಟಿಕೊಂಡು ಬಂದರೆ ಬರಲಿ, ಕಳೆಯುವುದು ಯಾಕೆ? ಇಲ್ಲಿ ನನ್ನ ಉಪ್ಪಿನಕಾಯಿಯ ಗುಣ ಬಂತು. ಪ್ರತಿ ಪಿಕಲ್ಲಿನ ಕೊನೆಗೆ ಒಂದು ಚುಕ್ಕಿ ಇರುತ್ತದೆ, ನಮ್ಮ ಪೂರ್ಣವಿರಾಮದ ಹಾಗೇ. ‘ಲೋಡ್ಸ್’ ಆ ಚುಕ್ಕಿಗೆ ನಿಲ್ಲುತ್ತದೆ, ಅದರಾಚೆ ಇರುವ ಬೈಟುಗಳನ್ನು ಕಡೆಗಣಿಸುತ್ತದೆ. ಪೈಥಾನಿನ ದಸ್ತಾವೇಜಿನಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದೇ ಇದ್ದಾರೆ. ದೋಷ ಅಂತ ಕೂಗುವುದಿಲ್ಲ, ಎಚ್ಚರಿಸುವುದೂ ಇಲ್ಲ. ಮೊದಲ ಚೀಲ ಖಾತೆಗೆ ಹೋಯಿತು, ಎರಡನೆಯದು ಚರಂಡಿಗೆ. ನಾನು 1024ರಲ್ಲೇ ಬಿಟ್ಟು, ‘ಪಾಸ್’ ಹಾಕದೆ ಇದ್ದಿದ್ದರೆ, ನಾಲ್ಕಕ್ಕಿಂತ ಹೆಚ್ಚು ಅಂಟಿ ಬಂದಾಗಲಾದರೂ ಪಿಕಲ್ ಅರ್ಧಕ್ಕೆ ಮುರಿದು ದೋಷ ಕಾಣುತ್ತಿತ್ತು. 65536 ಮಾಡಿ ಬಾಯಿ ದೊಡ್ಡದು ಮಾಡಿದ್ದರಿಂದ, ಅಂಟಿದ ಗಂಟುಗಳೆಲ್ಲ ಇಡಿಯಾಗಿ ಒಳಗೆ ಬಂದು, ಒಂದೇ ಒಂದು ಉಳಿದು, ಬಾಕಿಯದ್ದು ಸದ್ದಿಲ್ಲದೆ ಹೋಯಿತು. ನಾನು ಮಾಡಿದ ರಿಪೇರಿಯೇ ಕಳ್ಳತನವನ್ನು ಮುಚ್ಚಿಟ್ಟಿತ್ತು.

ಅಜ್ಜಾರಿಗೆ ಇದನ್ನು ಬಿಡಿಸಿ ಹೇಳಿದೆ. ಅವರಿಗೆ ಟಿಸಿಪಿ ಗೊತ್ತಿಲ್ಲ, ಲಾರಿ ಗೊತ್ತು. ‘ಲಾರಿ ಜತಿಗೆ ಚೀಟಿ ಕಳಿಸ್ತಾರಲ್ಲ, ಇಷ್ಟು ಚೀಲ ಅಂತ? ನಿನ್ ಲಾರಿಗೆ ಚೀಟಿ ಇಲ್ಲೇನು?’ ಅಂದರು. ಇರಲಿಲ್ಲ. ಪರಿಹಾರ ನಿಜವಾಗಿ ಅಷ್ಟೇ. ಪ್ರತಿ ಗಂಟಿನ ಮುಂದೆ ನಾಲ್ಕು ಬೈಟಿನಲ್ಲಿ ಅದರ ಉದ್ದ ಬರೆದು ಕಳಿಸುವುದು. ಪಡೆಯುವ ಕಡೆ ಮೊದಲು ಆ ನಾಲ್ಕನ್ನು ಓದಿ, ಅಷ್ಟು ಬೈಟು ಪೂರ್ತಿ ಕೈಸೇರುವ ತನಕ ಮತ್ತೆ ಮತ್ತೆ ಓದುವುದು, ಹೆಚ್ಚಿಗೆ ಬಂದದ್ದನ್ನು ಮುಂದಿನದಕ್ಕೆ ಇಟ್ಟುಕೊಳ್ಳುವುದು. ಖಾತೆಗೆ ಬರೆದ ಮೇಲೆ ‘ಬಂತು’ ಅಂತ ವಾಪಸು ಹೇಳುವುದು. ಆ ‘ಬಂತು’ ಸಿಗುವ ತನಕ ಕೂಡ್ಲಿಗಿಯ ಕಂಪ್ಯೂಟರು ತನ್ನ ಪ್ರತಿಯನ್ನು ಅಳಿಸದಿರುವುದು. ಪೈಥಾನಿನ ಲಾಗಿಂಗ್ ಮಾಡ್ಯೂಲು ತನ್ನ ದಾಖಲೆಗಳನ್ನು ಸಾಕೆಟ್ಟಿನಲ್ಲಿ ಕಳಿಸುವಾಗ ಮುಂದೆ ನಾಲ್ಕು ಬೈಟಿನ ಉದ್ದ ಇಟ್ಟೇ ಪಿಕಲ್ ಕಳಿಸುತ್ತದೆ. ಕಲಿಯಬೇಕಾದ್ದು ನಾನು ದಿನಾ ಬಳಸುವ ಪೆಟ್ಟಿಗೆಯೊಳಗೇ ಇತ್ತು.

ಮೈಲಾರದ ಕಾರಣಿಕ, ಅಂದರೆ ಅಲ್ಲಿನ ಭವಿಷ್ಯವಾಣಿ, ನೋಡಿದವರಿಗೆ ಮಾತಿಗೆ ಹೀಗೆ ಎಲ್ಲೆ ಹಾಕುವುದು ಹೊಸದಲ್ಲ ಅಂತ ಆಮೇಲೆ ಅನ್ನಿಸಿತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅನ್ನುತ್ತಾನೆ. ಲಕ್ಷಾಂತರ ಜನ ಉಸಿರು ಹಿಡಿಯುತ್ತಾರೆ. ಒಂದೇ ನುಡಿ, ಕೂಡಲೇ ಮೇಲಿಂದ ಬೀಳುತ್ತಾನೆ. ಎಲ್ಲಿ ಶುರು, ಎಲ್ಲಿ ಕೊನೆ ಅನ್ನುವುದರಲ್ಲಿ ಯಾರಿಗೂ ಗೊಂದಲ ಇಲ್ಲ. ಅರ್ಥದ ಜಗಳ ವರ್ಷಪೂರ್ತಿ ನಡೆಯಲಿ, ನುಡಿಯ ಎಲ್ಲೆಯ ಬಗ್ಗೆ ಜಗಳ ಇಲ್ಲ.

ಪ್ರೋಗ್ರಾಮನ್ನು ಒಂದೇ ರಾತ್ರಿಯಲ್ಲಿ ತಿದ್ದಿದೆ. ಸಾವ್ಕಾರರಿಗೆ ‘ನೆಟ್‌ವರ್ಕ್ ಪ್ರಾಬ್ಲಮ್ ಇತ್ತು, ಸರಿ ಮಾಡೀನಿ’ ಅಂದೆ. ಅವರು ತಲೆ ಆಡಿಸಿದರು. ಕಳೆದ ಚೀಲಗಳನ್ನು ಗೋಡೆಯ ಗೆರೆ, ರೈತರ ನೆನಪು, ಗೋದಾಮಿನ ಲೆಕ್ಕ ಕೂಡಿಸಿ ಅಜ್ಜಾರು ಖಾತೆಗೆ ತಂದರು. ರೈತರ ದುಡ್ಡು ಮುಟ್ಟಿತು. ಹುಡುಗನ ಮಾತು ಯಾರೂ ಎತ್ತಲಿಲ್ಲ. ನಾನಂತೂ ಎತ್ತಲೇ ಇಲ್ಲ.

2022ರ ಯುಗಾದಿಗೆ ಬೆಂಗಳೂರಿನಿಂದ ಗೆಳೆಯನೊಬ್ಬ ಹರಪನಹಳ್ಳಿಗೆ ಬಂದಿದ್ದ. ಕಂಪ್ಯೂಟರ್ ಭದ್ರತೆಯ ಕೆಲಸ ಅವನದು. ನಾನು ಕೂಡ್ಲಿಗಿಯ ಕತೆ ಹೇಳಿ, ನನ್ನ ನಾಲ್ಕು ಬೈಟಿನ ಚೀಟಿಯ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡೆ. ಅವನು ಕೇಳಿದ್ದು ಒಂದೇ: ‘ಚೀಟಿ ಸರಿ. ಲಾರಿ ಯಾರ್ದು ಅಂತ ಕೇಳ್ತೀಯಾ?’ ನಾನು ಬಾಯಿ ತೆರೆಯುವ ಮೊದಲೇ ಅವನ ಲ್ಯಾಪ್‌ಟಾಪಿನಿಂದ ಕೊಟ್ಟೂರಿನ ಪೋರ್ಟಿಗೆ ಹತ್ತಾರು ಬೈಟಿನ ಒಂದು ಪಿಕಲ್ ಹೋಯಿತು. ಕೊಟ್ಟೂರಿನ ಅಂಗಡಿಯ ಪರದೆ ಮೇಲೆ ತಾನಾಗಿಯೇ ಕ್ಯಾಲ್ಕುಲೇಟರ್ ತೆರೆದುಕೊಂಡಿತು. ಅಜ್ಜಾರು ಫೋನು ಮಾಡಿ, ‘ಯಾರಪಾ ಇದನ್ನ ತೆಗ್ದೋರು, ನಾನಂತೂ ಮುಟ್ಟಿಲ್ಲ’ ಅಂದರು. ಆ ಕ್ಷಣ ನನಗೆ ಕೂಡ್ಲಿಗಿಯ ಹುಡುಗನ ದನಿ ಕೇಳಿದ ಹಾಗಾಯಿತು.

ಪಿಕಲ್ ಅನ್ನುವುದು ಚೀಟಿ ಅಂದೆನಲ್ಲ, ಅದರಲ್ಲಿ ಬರೆದದ್ದನ್ನು ‘ಲೋಡ್ಸ್’ ಒಂದೊಂದಾಗಿ ಮಾಡುತ್ತಾ ಹೋಗುತ್ತದೆ. ಉಪ್ಪು ಹಾಕು ಅಂದರೆ ಹಾಕುತ್ತದೆ, ವಿಷ ಹಾಕು ಅಂದರೂ ಹಾಕುತ್ತದೆ. ‘ರೆಡ್ಯೂಸ್’ ಅನ್ನುವ ಬಾಗಿಲಿನಿಂದ, ಈ ವಸ್ತುವನ್ನು ಕಟ್ಟಬೇಕಾದರೆ ಇಂಥ ಕೆಲಸ ನಡೆಸು ಅಂತ ಯಾವ ಆಜ್ಞೆಯನ್ನಾದರೂ ತೂರಿಸಬಹುದು. ಕ್ಯಾಲ್ಕುಲೇಟರಿನ ಬದಲು ಖಾತೆಯನ್ನೇ ಅಳಿಸು ಅಂದಿದ್ದರೂ ನಡೆಯುತ್ತಿತ್ತು. ದಸ್ತಾವೇಜಿನ ಪುಟದಲ್ಲಿ ಮೇಲುಗಡೆಯೇ, ಎದ್ದುಕಾಣುವ ಪೆಟ್ಟಿಗೆಯಲ್ಲಿ, ಪಿಕಲ್ ಸುರಕ್ಷಿತವಲ್ಲ, ನಂಬಿಕೆಯುಳ್ಳಲ್ಲಿಂದ ಬಂದದ್ದನ್ನು ಮಾತ್ರ ಬಿಚ್ಚಿ ಎಂದಿದೆ. ಆ ಪುಟವನ್ನು ನಾನು ಎಷ್ಟು ಸಲ ತೆರೆದಿದ್ದೆನೋ ಲೆಕ್ಕವಿಲ್ಲ. ಪ್ರತಿ ಸಲ ಪೆಟ್ಟಿಗೆಯನ್ನು ಹಾರಿ ಕೆಳಗಿನ ಉದಾಹರಣೆಗೆ ಹೋಗಿದ್ದೆ. ನನ್ನಂಥವರು ಒಬ್ಬಿಬ್ಬರಲ್ಲ: ಕೃತಕ ಬುದ್ಧಿಮತ್ತೆಯ ಮಾದರಿ ಕಡತಗಳನ್ನೂ ಜನ ವರ್ಷಗಟ್ಟಲೆ ಪಿಕಲ್ಲಿನಲ್ಲೇ ಹಂಚಿಕೊಂಡರು, ಅಂಥ ಮಾದರಿ ಕಟ್ಟುವ ಪೈಟಾರ್ಚ್ ಸಲಕರಣೆಯ ಬಳಗ, ಯಾರೂ ಕೇಳದಿದ್ದರೂ ಕಡತ ಬಿಗಿಯಾಗಿಯೇ ಬಿಚ್ಚಿಕೊಳ್ಳುವ ಹಾಗೆ ಮಾಡಿದ್ದು 2025ರ ಜನವರಿಯ 2.6ನೇ ಆವೃತ್ತಿಯಲ್ಲಿ.

ಅಂದೇ ಪಿಕಲ್ ಬಿಟ್ಟು ಜೇಸನ್ ಹಿಡಿದೆ. ಅದು ಬರೀ ಮಾಹಿತಿ, ಆಜ್ಞೆಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ಲಾಭ: ಕ್ಲಾಸಿನ ಹೆಸರು ಬದಲಿಸಿದರೆ ಹಳೆಯ ಗಂಟು ಬಿಚ್ಚದಿರುವುದು, ಒಂದು ಊರಿನಲ್ಲಿ 3.8, ಇನ್ನೊಂದು ಊರಿನಲ್ಲಿ ಹಳೆಯ ಪೈಥಾನ್ ಇದ್ದು, ಐದನೇ ಪ್ರೋಟೋಕಾಲಿನಲ್ಲಿ ತುಂಬಿ ಕಳಿಸಿದರೆ ಅದು ಗೊತ್ತಿಲ್ಲ ಅಂತ ತಕರಾರು ಮಾಡುವುದು, ಇವೆಲ್ಲ ತಪ್ಪಿದವು. ಆದರೆ ನನ್ನ ಕೈಗೆ ತಪ್ಪು ಮಾಡದೆ ಇರಲಾಗುವುದಿಲ್ಲ. ಬರುವ ಸಾಲು ಕನ್ನಡದಲ್ಲೇ ಓದುವಂತಿರಲಿ ಅಂತ ಅಕ್ಷರಗಳನ್ನು ಹಾಗೇ ಬಿಡುವ ಆಯ್ಕೆ ಹಾಕಿ, ಚೀಟಿಯಲ್ಲಿ ಅಕ್ಷರಗಳ ಸಂಖ್ಯೆ ಬರೆದೆ, ಬೈಟುಗಳದ್ದಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಕೊಟ್ಟೂರು’ ನಮ್ಮ ಕಣ್ಣಿಗೆ ಮೂರಕ್ಷರ, ಪೈಥಾನಿಗೆ 8, ತಂತಿಯ ಮೇಲೆ 24. ಪರೀಕ್ಷೆಗೆಂದು ಗೆಳೆಯ ತನ್ನ ಊರು ಹರಪನಹಳ್ಳಿಯವರೇ ಆದ ಸಾಹಿತಿ ಬೀಚಿಯವರ ಹೆಸರು ಹಾಕಿದ. ಅವರು ಸಹಿ ಮಾಡುತ್ತಿದ್ದ ಹಾಗೇ, ‘ಬೀ’ ಕನ್ನಡದಲ್ಲಿ, ‘ಚಿ’ ಇಂಗ್ಲಿಷಿನ ಮೂರಕ್ಷರದಲ್ಲಿ. ಪೈಥಾನ್ 5 ಅಂತ ಎಣಿಸಿತು, ಹೋದದ್ದು 9 ಬೈಟು, ಜೇಸನ್ ಅರ್ಧಕ್ಕೆ ಮುರಿಯಿತು. ಈ ಸಲ ‘ಪಾಸ್’ ಇರಲಿಲ್ಲವಾದ್ದರಿಂದ ದೋಷ ಕೂಡಲೇ ಕೂಗಿತು. ಎಣಿಕೆಯನ್ನು ಬೈಟಿಗೆ ತಿದ್ದಿದೆ.

ಗೆಳೆಯ ಹೊರಡುವಾಗ ಪೋರ್ಟನ್ನು ಹೊರಗಿನವರಿಗೆ ಮುಚ್ಚಿಸಿ, ಕೇಳಿದ: ‘ಆ ಹುಡ್ಗ ಏನಾದ?’

ಎರಡು ದಿನ ಬಿಟ್ಟು ಹೋದೆ. ಪ್ರೋಗ್ರಾಮು ತಿದ್ದಲು ಒಂದು ರಾತ್ರಿ ಸಾಕಾಗಿತ್ತು, ಅವನ ಮನೆ ಬಾಗಿಲಿಗೆ ಹೋಗಲು ನಾಲ್ಕು ತಿಂಗಳ ಮೇಲೆ ಬೇಕಾಯಿತು. ಕೂಡ್ಲಿಗಿ ಹತ್ತಿರದ ಹಳ್ಳಿ. ಹುಣಸೆಯ ಸುಗ್ಗಿ. ಅವನು ಮರದ ಕೆಳಗೆ ನಾಲ್ಕು ಜನರ ಜತೆ ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದ. ಎರಡು ಒಟ್ಟಿಗೆ ಬಂದರೆ ಎರಡನೆಯದನ್ನು ನನ್ನ ಪ್ರೋಗ್ರಾಮು ಚೆಲ್ಲುತ್ತಿತ್ತು ಅಂತ ಹೇಳಿದೆ. ಅವನು ಕೈಯ ಕೆಲಸ ನಿಲ್ಲಿಸದೆ ಕೇಳಿದ.

‘ಅಂದ್ರ ನಾ ಒತ್ತಿದ್ದು ಖರೇನ?’

‘ಖರೇ. ಒಂದೂ ಬಿಟ್ಟಿಲ್ಲ ನೀನು.’

‘ಇದನ್ನ ಸಾವ್ಕಾರ್ರಿಗೆ ಹೇಳೀರೇನು?’

ಹೇಳಿರಲಿಲ್ಲ. ಮೆಕ್ಕೆಜೋಳದ ಸುಗ್ಗಿ ಮುಗಿಯುವ ತನಕ ಅವನಿಗೆ ಬರಬೇಕಿದ್ದ ಪಗಾರವನ್ನು ನನ್ನ ಜೇಬಿನಿಂದ ಕೊಟ್ಟೆ. ಅವನು ಕೈ ಒರೆಸಿಕೊಂಡು ನೋಟು ಎಣಿಸಿದ. ಕಣದಲ್ಲಿ ಕಾಳು ಅಳೆಯುವವರ ಹಾಗೆ ಮೊದಲನೆಯದಕ್ಕೆ ‘ಲಾಭ’ ಅಂದು, ಆಮೇಲೆ ಎರಡು, ಮೂರು.

ಮರುದಿನ ಕೊಟ್ಟೂರಿನ ಅಂಗಡಿಗೆ ಹೋಗಿ, ಅಜ್ಜಾರೂ ಹಮಾಲರೂ ಇರುವಾಗಲೇ, ತಪ್ಪು ನೆಟ್‌ವರ್ಕಿನದ್ದಲ್ಲ, ಹುಡುಗನದ್ದೂ ಅಲ್ಲ, ನನ್ನದು ಅಂತ ಸಾವ್ಕಾರರಿಗೆ ಹೇಳಿದೆ. ಅವರು ಹುಡುಗನನ್ನು ಮತ್ತೆ ಕರೆಕಳಿಸಿದರು. ಅವನು ಬರಲಿಲ್ಲ.